ನೀಲಗಿರಿಯಲ್ಲಿ ಸೈಕಲ್: ಹತ್ತಲು ಒಂದು ಘಾಟಿ, ಇಳಿಯಲು ಇನ್ನೊಂದು

ಊಟಿ, ಕೂನೂರು, ಕೋಟಗಿರಿ ಇರುವ ಮೇಲಿನ ನೀಲಗಿರಿಗೆ ಸೈಕಲ್ ತುಳಿದುಕೊಂಡು ಹೋಗಲು ಮುಖ್ಯ ಘಾಟಿ ರಸ್ತೆಗಳು ಐದು. ಉತ್ತರದಲ್ಲಿ ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿ, ಪಶ್ಚಿಮದಲ್ಲಿ ಗೂಡಲೂರಿನಿಂದ ನಡುವಟ್ಟಂ ಘಾಟಿ, ಪೂರ್ವದಲ್ಲಿ ಮೆಟ್ಟುಪಾಳ್ಯಂನಿಂದ ಕೂನೂರು ಮತ್ತು ಕೋಟಗಿರಿ ಘಾಟಿಗಳು, ದಕ್ಷಿಣದ ಅಂಚಿನಲ್ಲಿ ಮಂಜೂರು–ಗೆದ್ದೆ ಘಾಟಿ. ಇವುಗಳಲ್ಲಿ ಯಾವುದನ್ನು ಹತ್ತಬೇಕು ಎಂದು ಎಲ್ಲರೂ ಯೋಚಿಸುತ್ತಾರೆ. ಯಾವುದರಲ್ಲಿ ಇಳಿಯಬೇಕು ಎಂದು ಮೊದಲೇ ತೀರ್ಮಾನಿಸಿಕೊಂಡು ಬರುವವರು ಕಡಿಮೆ. ಕಾಲಿಗೆ ಶಕ್ತಿ ಸಾಲದಿದ್ದರೆ ಏರಿನಲ್ಲಿ ಇಳಿದು ನಿಲ್ಲಬಹುದು, ಸೈಕಲ್ ತಳ್ಳಿಕೊಂಡೂ ಹೋಗಬಹುದು. ಇಳಿಜಾರಿನಲ್ಲಿ ಬ್ರೇಕ್ ಸೋತರೆ ಆ ಅನುಕೂಲ ಇಲ್ಲ. ಆದ್ದರಿಂದ ಇಲ್ಲಿ ಹೇಳುವುದರ ತಿರುಳು ಇಷ್ಟು: ಕಡಿದಾದ ರಸ್ತೆಯಲ್ಲಿ ಹತ್ತಿ, ಸೌಮ್ಯವಾದ ರಸ್ತೆಯಲ್ಲಿ ಇಳಿಯಿರಿ, ಸೈಕಲ್ಲನ್ನು ಎರಡಕ್ಕೂ ಬೇರೆ ಬೇರೆಯಾಗಿ ಸಿದ್ಧಪಡಿಸಿ.

ತಾಳವಾಡಿ, ಹಾಸನೂರು, ಗೂಡಲೂರು ಕಡೆಯವರನ್ನೂ ಗುಂಡ್ಲುಪೇಟೆ, ಚಾಮರಾಜನಗರ, ಮೈಸೂರಿನಿಂದ ಬರುವವರನ್ನೂ ಮನಸ್ಸಿನಲ್ಲಿಟ್ಟು ಬರೆದದ್ದು ಇದು. ಮೇಲೆ ಹೋದ ಮೇಲೆ ದಾರಿ ಕೇಳಲು ಭಾಷೆಯ ಚಿಂತೆ ಬೇಡ. ಬೆಟ್ಟದ ಮೇಲಿನ ಬಡಗ ಸಮುದಾಯದವರ ಹಟ್ಟಿಗಳಲ್ಲಿ (ಹಳ್ಳಿಗಳಲ್ಲಿ) ಕನ್ನಡದಲ್ಲಿ ನಿಧಾನವಾಗಿ ಕೇಳಿದರೆ ಅರ್ಥವಾಗುತ್ತದೆ, ಅವರು ಹೇಳಿದ್ದು ನಿಮಗೂ ಮುಕ್ಕಾಲು ಪಾಲು ತಿಳಿಯುತ್ತದೆ. ದೊಡ್ಡವರನ್ನು ಕಂಡರೆ ‘ಅಣ್ಣಾ’, ‘ಅಯ್ಯಾ’ ಎಂದು ಮಾತು ಶುರುಮಾಡಿ.

ಐದು ಘಾಟಿಗಳ ಸ್ವಭಾವ

ಕಲ್ಲಟ್ಟಿ ಘಾಟಿಗೆ 36 ಹೇರ್‌ಪಿನ್ (ಬಂದ ದಿಕ್ಕಿಗೇ ಹೊರಳುವ) ತಿರುವುಗಳು. ಮಸಿನಗುಡಿ ಸುಮಾರು 950 ಮೀಟರ್ ಎತ್ತರದಲ್ಲಿದೆ, ಊಟಿ 2,240 ಮೀಟರ್. ಮಸಿನಗುಡಿ ದಾಟಿ ಮಾವನಲ್ಲದ ಕಡೆಗೆ ರಸ್ತೆ ಹೆಚ್ಚು ಏರುವುದಿಲ್ಲ. ನಿಜವಾದ ಘಾಟಿ ಶುರುವಾದ ಮೇಲೆ ಸುಮಾರು 12 ಕಿ.ಮೀ.ಯಲ್ಲಿ ಸಾವಿರ ಮೀಟರಿಗೂ ಮೇಲೆ ಹತ್ತಬೇಕು. ಸರಾಸರಿ ಏರು ಶೇ. 9ರ ಹತ್ತಿರ (ನೂರು ಮೀಟರ್ ಸಾಗಿದರೆ ಒಂಬತ್ತು ಮೀಟರ್ ಮೇಲೆ), ನಡುವೆ ಅದಕ್ಕಿಂತ ಬಹಳ ಕಡಿದಾದ ತುಂಡುಗಳಿವೆ. ಇದರ ಅಂದಾಜು ಸಿಗಬೇಕಾದರೆ ನೀಲಗಿರಿಯ ಪುಟ್ಟ ರೈಲನ್ನು ನೋಡಿ. ಬೆಟ್ಟದ ಬುಡದ ಕಲ್ಲಾರಿನಿಂದ ಕೂನೂರಿಗೆ ಹತ್ತುವಾಗ ಅದರ ಹಳಿಯ ಗರಿಷ್ಠ ಏರು ಶೇ. 8ರಷ್ಟು. ಅಷ್ಟಕ್ಕೇ ಆ ರೈಲಿಗೆ ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಬೇಕಾಯಿತು. ಕಲ್ಲಟ್ಟಿಯ ಸರಾಸರಿಯೇ ಅದಕ್ಕಿಂತ ಹೆಚ್ಚು.

ಕೂನೂರು ಘಾಟಿಗೆ 14 ಹೇರ್‌ಪಿನ್. ಮೆಟ್ಟುಪಾಳ್ಯಂ 325 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕಲ್ಲಾರಿನವರೆಗೆ ಅಡಿಕೆ ತೋಟಗಳ ನಡುವೆ ಹೆಚ್ಚುಕಡಿಮೆ ಸಮತಟ್ಟು, ಆಮೇಲೆ ಬರ್ಲಿಯಾರ್ ಮೇಲಾಗಿ ಕೂನೂರಿನವರೆಗೆ ಸುಮಾರು 25 ಕಿ.ಮೀ. ಶೇ. 5ರ ಆಸುಪಾಸಿನ ಏರು. ಏರು ಒಂದೇ ಸಮನಾಗಿರುವುದರಿಂದ ಲಯ ಹಿಡಿದು ತುಳಿಯಲು ಇದರಷ್ಟು ಒಳ್ಳೆಯ ರಸ್ತೆ ಇನ್ನೊಂದಿಲ್ಲ. ಆದರೆ ಇದು ರಾಷ್ಟ್ರೀಯ ಹೆದ್ದಾರಿ. ಬಸ್ಸು, ಲಾರಿ, ಪ್ರವಾಸಿ ವ್ಯಾನುಗಳ ಸಾಲು ಬೆಳಿಗ್ಗೆ ಏಳೂವರೆಯ ನಂತರ ಕಡಿಯುವುದೇ ಇಲ್ಲ.

ಕೋಟಗಿರಿ ಘಾಟಿ ಮೆಟ್ಟುಪಾಳ್ಯಂನಿಂದ 33 ಕಿ.ಮೀ. ಕೋಟಗಿರಿ ಸುಮಾರು 1,790 ಮೀಟರ್. ಏರು ಕೂನೂರಿನಷ್ಟೇ, ಹೇರ್‌ಪಿನ್ ಕಡಿಮೆ, ಗಾಡಿಗಳೂ ಕಡಿಮೆ, ನೆರಳು ಹೆಚ್ಚು. ಮೊದಲ ಬಾರಿ ನೀಲಗಿರಿ ಹತ್ತುವವರಿಗೂ ಇಳಿಯುವವರಿಗೂ ಇದೇ ಸರಿಯಾದ ರಸ್ತೆ.

ಗೂಡಲೂರಿನಿಂದ ಊಟಿಗೆ 50 ಕಿ.ಮೀ. ಗೂಡಲೂರು 1,070 ಮೀಟರ್. ನಡುವಟ್ಟಂವರೆಗೆ ಶೇ. 5ರಂತೆ ಏರಿ, ಅಲ್ಲಿಂದ ಪೈಕಾರ ಮಾರ್ಗವಾಗಿ ನೀಲಗಿರಿ ಮರದ ತೋಪು, ಶೋಲಾ ಕಾಡು, ಹುಲ್ಲುಗುಡ್ಡಗಳ ನಡುವೆ ಏರಿಳಿತದ ರಸ್ತೆ. ನಡುವಟ್ಟಂನಲ್ಲಿ ಘಾಟಿ ಮುಗಿಯಿತು ಎಂದು ಶಕ್ತಿಯನ್ನೆಲ್ಲ ಅಲ್ಲೇ ಸುರಿದವರು ಪೈಕಾರದ ನಂತರದ ಸಣ್ಣ ಏರುಗಳಲ್ಲಿ ಸುಸ್ತಾಗುತ್ತಾರೆ.

ಮಂಜೂರಿನಿಂದ ಗೆದ್ದೆ, ಮುಳ್ಳಿ ಕಡೆಗೆ ಇಳಿಯುವ ರಸ್ತೆಗೆ 43 ಹೇರ್‌ಪಿನ್. ಕೇರಳ ಗಡಿಗೆ ತಾಗಿದ ಕಾಡು, ಆನೆಗಳ ಜಾಗ, ಫೋನ್ ಸಿಗ್ನಲ್ ನಂಬುವಂತಿಲ್ಲ, ಚೆಕ್‌ಪೋಸ್ಟ್‌ನಲ್ಲಿ ತಡೆಯುವುದೂ ಉಂಟು. ಈ ಬೆಟ್ಟಗಳಲ್ಲಿ ಚೆನ್ನಾಗಿ ಪಳಗಿದ ಮೇಲೆ, ಜೊತೆಗೊಂದು ಗಾಡಿ ಇಟ್ಟುಕೊಂಡು ಮಾತ್ರ ಹೋಗಿ.

ಗೇರಿನ ಲೆಕ್ಕ

‘ಕಾಲು ಗಟ್ಟಿಯಿದ್ದರೆ ಯಾವ ಗೇರಿನಲ್ಲಾದರೂ ಹತ್ತಬಹುದು’ ಎಂಬ ಮಾತು ಚಾಮುಂಡಿ ಬೆಟ್ಟಕ್ಕೆ ಸರಿ. ಕಲ್ಲಟ್ಟಿಗೆ ಸರಿಯಲ್ಲ. ಲೆಕ್ಕ ಹಾಕಿ ನೋಡೋಣ.

ಸವಾರ, ಸೈಕಲ್, ನೀರು ಎಲ್ಲ ಸೇರಿ 80 ಕಿಲೊ ಎಂದಿಟ್ಟುಕೊಳ್ಳಿ. ಶೇ. 9ರ ಏರಿನಲ್ಲಿ ಒಂದೇ ಸಮನೆ 200 ವಾಟ್ ಶಕ್ತಿ ಹಾಕಬಲ್ಲವರಿಗೆ ಗಂಟೆಗೆ 9 ಕಿ.ಮೀ.ಗಿಂತ ಸ್ವಲ್ಪ ಮೇಲೆ ವೇಗ ಸಿಗುತ್ತದೆ. 12 ಕಿ.ಮೀ. ಘಾಟಿಗೆ ಒಂದು ಗಂಟೆ 20 ನಿಮಿಷ. ವಾರಕ್ಕೆ ಎರಡು ಮೂರು ಸಲ ತುಳಿಯುವ ಹೆಚ್ಚಿನವರಿಗೆ ಅಷ್ಟು ಹೊತ್ತು ಹಾಕಲಾಗುವುದು 150 ವಾಟ್‌ನ ಹತ್ತಿರ. ಅವರ ವೇಗ ಗಂಟೆಗೆ 7 ಕಿ.ಮೀ., ಸಮಯ ಒಂದು ಮುಕ್ಕಾಲು ಗಂಟೆ.

ಈಗ ಆ 7 ಕಿ.ಮೀ. ವೇಗಕ್ಕೆ ಪೆಡಲ್ ಎಷ್ಟು ಸುತ್ತುತ್ತದೆ ನೋಡಿ. ಹಳೆಯ ರೇಸಿಂಗ್ ಸೈಕಲ್ಲಿನ 39 ಹಲ್ಲಿನ ಸಣ್ಣ ಚೈನ್‌ರಿಂಗ್ (ಪೆಡಲಿನ ಬಳಿಯ ಹಲ್ಲುಚಕ್ರ), ಹಿಂದೆ 25 ಹಲ್ಲಿನ ದೊಡ್ಡ ಕಾಗ್ (ಹಿಂದಿನ ಗಾಲಿಯ ಹಲ್ಲುಚಕ್ರ) ಇದ್ದರೆ ನಿಮಿಷಕ್ಕೆ 35 ಸುತ್ತು. ಅಂದರೆ ಪ್ರತಿ ತುಳಿತವೂ ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ಏಳುವಂಥದ್ದು, ಅದೂ ಮೂರೂವರೆ ಸಾವಿರ ಸಲ. ಮಂಡಿಚಿಪ್ಪಿನ ಕೆಳಗೆ ನೋವು ಶುರುವಾಗುವುದು ಹೀಗೆ. 34ಕ್ಕೆ 28 (ಮುಂದೆ 34 ಹಲ್ಲು, ಹಿಂದೆ 28) ಇದ್ದರೆ 45 ಸುತ್ತು. 34ಕ್ಕೆ 34 ಇದ್ದರೆ 55. ಮುಂದೆ 30, ಹಿಂದೆ 34 ಇದ್ದರೆ 62. ಈ ಘಾಟಿಗೆ 34ಕ್ಕೆ 34 ಕನಿಷ್ಠ ಎಂದು ಹಿಡಿಯಿರಿ, 30ಕ್ಕೆ 34 ಸಿಕ್ಕರೆ ಇನ್ನೂ ಒಳ್ಳೆಯದು. ಕೂನೂರು, ಕೋಟಗಿರಿ, ನಡುವಟ್ಟಂ ಘಾಟಿಗಳಿಗೆ 34ಕ್ಕೆ 28 ಸಾಕು.

ಕ್ಯಾಸೆಟ್ (ಹಿಂದಿನ ಕಾಗುಗಳ ಗೊಂಚಲು) ಬದಲಿಸುವಾಗ ಹಿಂದಿನ ಡಿರೇಲರ್ (ಚೈನನ್ನು ಒಂದು ಕಾಗಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಯಾವುದು ಎಂದು ಮೊದಲು ನೋಡಿ. ಕೇಜು ಎಂದರೆ ಡಿರೇಲರಿನ ಪುಟ್ಟ ಗಾಲಿಗಳನ್ನು ಹಿಡಿದಿರುವ ಚೌಕಟ್ಟು. ಉದ್ದ ಕೇಜಿನ ಶಿಮಾನೊ ಡಿರೇಲರ್‌ಗಳು (ಕ್ಲಾರಿಸ್, ಸೋರಾ, ಟಿಯಾಗ್ರಾಗಳ ಈಚಿನ ಮಾದರಿಗಳಲ್ಲಿ, 105 ಆರ್7000ರಲ್ಲಿ ಹೆಸರಿನ ಕೊನೆಗೆ ‘ಜಿಎಸ್’ ಇರುತ್ತದೆ) 34 ಹಲ್ಲಿನ ಕಾಗ್ ತಡೆಯುತ್ತವೆ. ‘ಎಸ್‌ಎಸ್’ ಎಂದಿದ್ದರೆ ಗಿಡ್ಡ ಕೇಜು. 105 ಆರ್7000ರಲ್ಲಿ ಅದರ ಮಿತಿ 30.

ದೊಡ್ಡ ಕ್ಯಾಸೆಟ್ ಹಾಕಿ ಹಳೆಯ ಚೈನನ್ನೇ ಉಳಿಸಿಕೊಳ್ಳುವುದು ಎಲ್ಲಕ್ಕಿಂತ ದುಬಾರಿ ಬೀಳುವ ತಪ್ಪು. ಚೈನು ಗಿಡ್ಡವಾಗಿದ್ದರೆ, ದೊಡ್ಡ ಚೈನ್‌ರಿಂಗಿನಲ್ಲಿದ್ದುಕೊಂಡು ಅಕಸ್ಮಾತ್ ಹಿಂದೆಯೂ ದೊಡ್ಡ ಕಾಗಿಗೆ ಹಾಕಿದಾಗ ಡಿರೇಲರ್ ಮುಂದಕ್ಕೆ ಎಳೆದುಕೊಂಡು ಹ್ಯಾಂಗರ್ (ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಲೋಹದ ತುಂಡು) ಸಮೇತ ಕಿತ್ತುಹೋಗುತ್ತದೆ. ಅಳತೆ ಹೀಗೆ: ಚೈನನ್ನು ಡಿರೇಲರ್ ಒಳಗೆ ಪೋಣಿಸದೆ ದೊಡ್ಡ ಚೈನ್‌ರಿಂಗ್ ಮತ್ತು ದೊಡ್ಡ ಕಾಗಿನ ಮೇಲೆ ಸುತ್ತಿ, ತುದಿಗಳು ಕೂಡುವಲ್ಲಿಂದ ಎರಡು ಲಿಂಕ್ ಹೆಚ್ಚು ಬಿಟ್ಟು ಕತ್ತರಿಸಿ. ಆಮೇಲೆ ಡಿರೇಲರಿನ ಬಿ-ಸ್ಕ್ರೂ ತಿರುಗಿಸಿ, ಮೇಲಿನ ಪುಟ್ಟ ಗಾಲಿಗೂ ದೊಡ್ಡ ಕಾಗಿಗೂ ನಡುವೆ 5–6 ಮಿ.ಮೀ. ಸಂದು ಇಡಿ. ಸಂದು ಕಡಿಮೆಯಾದರೆ ಏರಿನಲ್ಲಿ ಗರಗರ ಸದ್ದು, ಹೆಚ್ಚಾದರೆ ಗೇರ್ ಬೀಳಲು ತಡ.

ಇನ್ನೊಂದು ಮುಖ್ಯ ವಿಷಯ. ಸೈಕಲ್ಲನ್ನು ಕಾರಿನಲ್ಲೋ ಬಸ್ಸಿನ ಡಿಕ್ಕಿಯಲ್ಲೋ ತರುವಾಗ ಚೈನ್ ಇರುವ ಬಲ ಮಗ್ಗುಲು ಕೆಳಗಾಗಿ ಮಲಗಿಸಿದರೆ ಹ್ಯಾಂಗರ್ ಸ್ವಲ್ಪವೇ ಬಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಘಾಟಿಯ ಮೊದಲ ಕಡಿದಾದ ತಿರುವಿನಲ್ಲಿ ದೊಡ್ಡ ಕಾಗಿಗೆ ಹಾಕಿದ ಕೂಡಲೆ ಡಿರೇಲರ್ ಕಡ್ಡಿಗಳ ಒಳಗೆ ಹೋಗುತ್ತದೆ, ಅಲ್ಲಿಗೆ ಆ ದಿನದ ಸವಾರಿ ಮುಗಿದಂತೆ. ಇಳಿಸಿದ ತಕ್ಷಣ ಹಿಂದಿನ ಗಾಲಿ ಎತ್ತಿ, ಪೆಡಲನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸುತ್ತಾ ಎಲ್ಲ ಗೇರುಗಳಿಗೂ ಹಾಕಿ ನೋಡಿ. ದೊಡ್ಡ ಕಾಗಿನಲ್ಲಿರುವಾಗ ಡಿರೇಲರಿನ ಕೇಜು ಕಡ್ಡಿಗೆ ತಾಗುವಂತಿದ್ದರೆ ಹತ್ತಲು ಹೊರಡಬೇಡಿ. ನಿಮ್ಮ ಫ್ರೇಮಿನದೇ ಹ್ಯಾಂಗರ್ ಒಂದು ಚೀಲದಲ್ಲಿರಲಿ. ಒಂದು ಫ್ರೇಮಿನದು ಇನ್ನೊಂದಕ್ಕೆ ಹೊಂದುವುದು ಅಪರೂಪ.

ದಿಂಬಂನಲ್ಲಿ ಪರೀಕ್ಷೆ

ತಾಳವಾಡಿ, ಚಾಮರಾಜನಗರದ ಕಡೆಯವರಿಗೆ ಹತ್ತಿರದ ಘಾಟಿ ದಿಂಬಂ. ಬಣ್ಣಾರಿ ಅಮ್ಮನ ಗುಡಿಯ ಬಳಿಯಿಂದ ದಿಂಬಂವರೆಗೆ 27 ಹೇರ್‌ಪಿನ್. ಕಲ್ಲಟ್ಟಿಗೆ ಹೋಗುವ ಮೊದಲು ಗೇರು, ಬ್ರೇಕು, ಉಸಿರು ಮೂರನ್ನೂ ಪರೀಕ್ಷಿಸಲು ಈ ಏರು ಸಾಕು. ಆದರೆ ಇದು ಬೆಂಗಳೂರು–ಕೊಯಮತ್ತೂರು ಲಾರಿಗಳ ದಾರಿ, ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ನಡುವಿನ ದಾರಿ. ಕಾರಪಳ್ಳಂ ಕಡೆ ಕಬ್ಬಿನ ಲಾರಿಗಾಗಿ ಆನೆಗಳು ರಸ್ತೆ ಬದಿಯಲ್ಲೇ ಕಾಯುತ್ತವೆ. ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಬೆಳಕು ಚೆನ್ನಾಗಿ ಹರಿದ ಮೇಲೆ ಗುಂಪಾಗಿ ಹೋಗಿ, ಮಧ್ಯಾಹ್ನದೊಳಗೆ ಮುಗಿಸಿ. ದಿಂಬಂನ ಮೇಲೆ ತಲುಪಿದಾಗ ಎರಡು ಮಾತು ನಿರಾಯಾಸವಾಗಿ ಆಡಲು ಆಗದಿದ್ದರೆ ಇನ್ನೊಂದು ತಿಂಗಳು ಅಭ್ಯಾಸ ಬೇಕು ಎಂದರ್ಥ.

ಕಲ್ಲಟ್ಟಿ ಹತ್ತುವ ಬಗೆ

ಬಂಡೀಪುರ–ಮುದುಮಲೆ ಕಾಡಿನೊಳಗೆ ಸೈಕಲ್ ತುಳಿಯುವ ಯೋಚನೆ ಬಿಡಿ. ಗಾಡಿಗೆ ಹಾಕಿ ಮಸಿನಗುಡಿಯವರೆಗೆ ತನ್ನಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಇರುವುದರಿಂದ, ಬೆಳಗಿನ ತಂಪಿನಲ್ಲಿ ಹತ್ತಬೇಕೆಂದರೆ ಹಿಂದಿನ ಸಂಜೆಯೇ ಬಂದು ಮಸಿನಗುಡಿಯಲ್ಲಿ ಉಳಿಯಬೇಕು. ಮಸಿನಗುಡಿಯಿಂದ ಘಾಟಿಯ ಬುಡದವರೆಗಿನ ಸೀಗೂರು ಬಯಲು ಕೂಡ ಆನೆ ಓಡಾಡುವ ದಾರಿಯೇ. ಕತ್ತಲಲ್ಲಿ ಹೊರಡಬೇಡಿ, ಹೊರಡುವ ಮುನ್ನ ಚೆಕ್‌ಪೋಸ್ಟ್‌ನವರನ್ನು ಕೇಳಿ. ‘ಈಗ ಬೇಡ’ ಎಂದರೆ ಕಾದು ಹೋಗಿ, ವಾದ ಬೇಡ.

ಮೊದಲ ಅರ್ಧ ಗಂಟೆಯೇ ಈ ಘಾಟಿಯನ್ನು ಹಾಳುಮಾಡುವುದು. ಕಾಲು ಹೊಸದಾಗಿರುತ್ತದೆ, ಜೊತೆಯವರು ಮುಂದೆ ಹೋಗುತ್ತಿರುತ್ತಾರೆ. ಮೂರು ಪದದ ವಾಕ್ಯ ಉಸಿರು ಕಟ್ಟದೆ ಹೇಳುವಷ್ಟರಲ್ಲೇ ಇರಿ. ಕಡಿದಾದ ತುಂಡುಗಳಲ್ಲಿ ಆ ಮಿತಿ ತಾನಾಗಿ ಮೀರುತ್ತದೆ, ಅದಕ್ಕೆ ಉಳಿತಾಯ ಬೇಕು. ಜೊತೆಗೆ ಮೇಲೆ ಹೋದಂತೆ ಗಾಳಿಯೂ ತೆಳುವಾಗುತ್ತದೆ. ಊಟಿಯ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲು ಮಾತ್ರ. ಕೆಳಗೆ ಸುಲಭವಾಗಿ ಬಂದ ಶಕ್ತಿ ಮೇಲೆ ಬರುವುದಿಲ್ಲ, ಎದೆಬಡಿತ ಅಷ್ಟೇ ಇದ್ದರೂ ವೇಗ ಇಳಿದಿರುತ್ತದೆ. ಅದಕ್ಕೆ ಗಾಬರಿ ಬೇಡ.

ಹೇರ್‌ಪಿನ್ ಹತ್ತುವುದರಲ್ಲಿ ಒಂದು ಸೂಕ್ಷ್ಮವಿದೆ. ನಾವು ಎಡಬದಿಯಲ್ಲಿ ಹೋಗುವವರು. ಎಡಕ್ಕೆ ತಿರುಗುವ ಹೇರ್‌ಪಿನ್ನಿನಲ್ಲಿ ಎಡ ಅಂಚು ಎಂದರೆ ಒಳ ಅಂಚು. ಅಲ್ಲಿ ನಾಲ್ಕೈದು ಮೀಟರ್ ದೂರದಲ್ಲೇ ರಸ್ತೆ ಪೂರ್ತಿ ಎತ್ತರ ಏರಿಬಿಡುತ್ತದೆ, ಏರು ಎರಡು ಪಟ್ಟಾಗುತ್ತದೆ, ಮುಂದಿನ ಗಾಲಿ ಎದ್ದಂತೆ ಆಗುತ್ತದೆ. ತಿರುವಿಗೆ 20 ಮೀಟರ್ ಮೊದಲೇ ಹಗುರ ಗೇರಿಗೆ ಹಾಕಿ, ಹಿಂದೆ ಮುಂದೆ ಗಾಡಿ ಇಲ್ಲವೆಂದು ಕಿವಿಯಿಂದಲೂ ಕಣ್ಣಿಂದಲೂ ಖಾತ್ರಿ ಮಾಡಿಕೊಂಡು, ನಿಮ್ಮ ಅರ್ಧ ರಸ್ತೆಯ ಹೊರಭಾಗ ಹಿಡಿದು ತಿರುಗಿ. ಬಲಕ್ಕೆ ತಿರುಗುವ ಹೇರ್‌ಪಿನ್ನಿನಲ್ಲಿ ನೀವು ತಾನಾಗಿ ಹೊರ ಅಂಚಿನಲ್ಲಿರುತ್ತೀರಿ. ಅಲ್ಲಿ ಏರು ಕಡಿಮೆ. ನೀರು ಕುಡಿಯಲು, ಬಾಳೆಹಣ್ಣು ಬಾಯಿಗೆ ಹಾಕಲು, ಸೊಂಟ ಸಡಿಲಿಸಲು ಅದೇ ಜಾಗ. ಏರಿನ ನಡುವೆ ಭಾರದ ತುಳಿತದಲ್ಲಿ ಗೇರ್ ಬದಲಿಸಬೇಡಿ. ಚೈನ್ ತುಂಡಾಗುವುದು, ಕೆಳಗೆ ಬೀಳುವುದು ಆಗಲೇ. ಬದಲಿಸುವ ಅರ್ಧ ಸುತ್ತಿನ ಮಟ್ಟಿಗೆ ಕಾಲಿನ ಒತ್ತಡ ಸಡಿಲಿಸಿ.

ಬಸ್ಸು ಬಂದರೆ ನಿಂತುಬಿಡಿ. ಹೇರ್‌ಪಿನ್ನಿನಲ್ಲಿ ಬಸ್ಸಿಗೆ ರಸ್ತೆಯ ಪೂರ್ತಿ ಅಗಲ ಬೇಕು, ಅದರ ಹಿಂದಿನ ಗಾಲಿ ಮುಂದಿನ ಗಾಲಿಗಿಂತ ಬಹಳ ಒಳಗೆ ಹಾಯುತ್ತದೆ. ತಿರುವಿನ ಒಳಬದಿಯಲ್ಲಿ ಬಸ್ಸಿನ ಪಕ್ಕಕ್ಕೆ ಸಿಕ್ಕಿಕೊಳ್ಳುವಷ್ಟು ಅಪಾಯ ಈ ಘಾಟಿಯಲ್ಲಿ ಬೇರೆ ಇಲ್ಲ.

ಮೇಲೆ ತಲೈಕುಂದಾದಲ್ಲಿ ಗೂಡಲೂರು ಹೆದ್ದಾರಿ ಕೂಡುತ್ತದೆ. ಅಲ್ಲಿಂದ ಊಟಿಗೆ ಸುಮಾರು 9 ಕಿ.ಮೀ. ಇನ್ನೂ ಸಣ್ಣಪುಟ್ಟ ಏರುಗಳಿವೆ. ಬೆವರಿನಲ್ಲಿ ತೊಯ್ದ ಅಂಗಿಯಲ್ಲೇ ಚಹಾ ಅಂಗಡಿಯಲ್ಲಿ ಕುಳಿತುಬಿಡಬೇಡಿ. ಮೊದಲು ಒಣ ಬನಿಯನ್ ಹಾಕಿ, ಗಾಳಿ ತಡೆಯುವ ಜಾಕೆಟ್ ಏರಿಸಿ, ಆಮೇಲೆ ಚಹಾ.

ಹೊಟ್ಟೆಯ ಲೆಕ್ಕವೂ ಸರಳ. ಗಂಟೆಗೆ 40ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ಒಳಗೆ ಹೋಗಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ, ಒಂದು ಅಂಗೈಯಗಲ ಕಡಲೆ ಮಿಠಾಯಿಯಲ್ಲಿ 15–20 ಗ್ರಾಂ. ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಅದರಲ್ಲಿ ಒಂದು ಬಾಟಲಿಗೆ ಉಪ್ಪು, ಸಕ್ಕರೆ, ನಿಂಬೆರಸ. ಊಟಿಯ ವರ್ಕಿ (ಗರಿಗರಿ ಬಿಸ್ಕತ್ತು) ರುಚಿಯೇನೋ ಹೌದು, ಆದರೆ ಎಣ್ಣೆ ಹೆಚ್ಚು. ಸವಾರಿ ಮುಗಿದ ಮೇಲೆ ಚಹಾದ ಜೊತೆ ತಿನ್ನಿ.

ಮೇಲಿನ ಸುತ್ತುಗಳು

ಮೊದಲ ದಿನ ಊಟಿಯಿಂದ ಮುತ್ತೋರೆ ಪಾಲಾಡ ಮೇಲಾಗಿ ಎಮರಾಲ್ಡ್‌ವರೆಗೆ ಹೋಗಿ ಬನ್ನಿ. ಒಂದು ಕಡೆಗೆ ಸುಮಾರು 20 ಕಿ.ಮೀ. ಆಲೂಗಡ್ಡೆ, ಕ್ಯಾರೆಟ್ ಹೊಲಗಳ ನಡುವಿನ ಏರಿಳಿತದ ದಾರಿ. ತೆಳು ಗಾಳಿಗೆ ದೇಹ ಹೊಂದಿಕೊಳ್ಳಲು ಇಷ್ಟು ಸಾಕು. ಹೋಗುವಾಗ ಒಟ್ಟಾರೆ ಇಳಿಜಾರು, ಬರುವಾಗ ಏರು ಎಂಬುದನ್ನು ಮರೆಯದೆ ಅರ್ಧ ಶಕ್ತಿ ಉಳಿಸಿಕೊಳ್ಳಿ.

ಮೇಲಿನ ಬೆಟ್ಟದ ಅತ್ಯುತ್ತಮ ಸುತ್ತು ಎಂದರೆ ಊಟಿ–ಕೋಟಗಿರಿ–ಕೂನೂರು–ಊಟಿ ತ್ರಿಕೋನ, ಸುಮಾರು 67 ಕಿ.ಮೀ. ಈ ದಿಕ್ಕಿನಲ್ಲೇ ಹೋಗಿ. ಬೆಳಿಗ್ಗೆ ಹೆಚ್ಚು ಗಾಡಿಗಳಿಲ್ಲದ ಕೋಟಗಿರಿ ರಸ್ತೆ ಸಿಗುತ್ತದೆ, ಊಟಿ ಬಿಟ್ಟ ಕೂಡಲೆ ದೊಡ್ಡಬೆಟ್ಟದ ಕವಲಿನವರೆಗೆ ಏರು ಇರುವುದರಿಂದ ಚಳಿಯಲ್ಲಿ ಮೈ ಬಿಸಿಯಾಗುತ್ತದೆ. ಎದುರು ದಿಕ್ಕಿನಲ್ಲಿ ಹೊರಟರೆ ಕೊರೆಯುವ ಚಳಿಯಲ್ಲಿ ಕೂನೂರಿಗೆ ಇಳಿಯುತ್ತಾ ಬೆರಳು ಮರಗಟ್ಟುತ್ತದೆ, ಮರಗಟ್ಟಿದ ಬೆರಳಿಗೆ ಬ್ರೇಕಿನ ಅಂದಾಜು ಸಿಗುವುದಿಲ್ಲ. ಕೋಟಗಿರಿಯವರೆಗೆ 29 ಕಿ.ಮೀ., ಅಲ್ಲಿಂದ ಚಹಾತೋಟಗಳ ನಡುವೆ ಕೂನೂರಿಗೆ 20, ಕೊನೆಯ 18 ಕಿ.ಮೀ. ಕೂನೂರಿನಿಂದ ಊಟಿಗೆ ಏರು.

ಆ ಕೊನೆಯ ಭಾಗದಲ್ಲಿ ಅರುವಂಕಾಡು ದಾಟಿದ ಮೇಲೆ ಎಡಗಡೆ ಕೇತಿ ಕಣಿವೆ ತೆರೆದುಕೊಳ್ಳುತ್ತದೆ. ಮೆಟ್ಟಿಲು ಮೆಟ್ಟಿಲಾದ ತರಕಾರಿ ಹೊಲ, ಅಂಚಿನಲ್ಲಿ ಒತ್ತಾಗಿ ನಿಂತ ಹಟ್ಟಿಗಳ ಮನೆಗಳು. ಹೆದ್ದಾರಿಯ ಗದ್ದಲ ಬೇಡವೆನ್ನುವವರು ಇನ್ನೊಂದು ದಿನ ಇಟ್ಟುಕೊಂಡು ಲವ್‌ಡೇಲ್, ಕೇತಿ, ಕೇತಿ ಪಾಲಾಡ ಕಡೆಯ ಒಳರಸ್ತೆಗಳಲ್ಲಿ ಕಣಿವೆಗೇ ಇಳಿದು ಹತ್ತಬಹುದು. ಒಳರಸ್ತೆಗಳ ಏರು ಗಿಡ್ಡ, ಆದರೆ ಕೆಲವು ಕಡೆ ಹೆದ್ದಾರಿಗಿಂತ ಎರಡು ಪಟ್ಟು ಕಡಿದು. ಕ್ಯಾರೆಟ್ ತೊಳೆಯುವ ಜಾಗಗಳ ಬಳಿ ರಸ್ತೆಯ ಮೇಲೆ ಕೆಸರುನೀರು ಹರಿದಿರುತ್ತದೆ. ಅಲ್ಲಿ ಸೈಕಲ್ ವಾಲಿಸಬೇಡಿ, ನೇರವಾಗಿ ನಿಧಾನ ದಾಟಿ.

ದೊಡ್ಡಬೆಟ್ಟ 2,637 ಮೀಟರ್. ಕೋಟಗಿರಿ ರಸ್ತೆಯ ಕವಲಿನಿಂದ ಸುಮಾರು 3 ಕಿ.ಮೀ. ಕಡಿದಾದ, ಇಕ್ಕಟ್ಟಾದ ದಾರಿ. ಪ್ರವಾಸಿಗಳ ಗಾಡಿ ಬರುವ ಮೊದಲು, ಗೇಟು ತೆರೆದ ಕೂಡಲೆ ಹೋದರೆ ಮಾತ್ರ ಸುಖ.

ಬಲ್ಲವರಿಗೆ ಒಂದು ದೊಡ್ಡ ಸುತ್ತು: ಊಟಿ–ಕೋಟಗಿರಿ–ಮೆಟ್ಟುಪಾಳ್ಯಂ–ಕೂನೂರು–ಊಟಿ, ಸುಮಾರು 113 ಕಿ.ಮೀ. ಬೆಳಿಗ್ಗೆ ಆರಕ್ಕೆ ಹೊರಟು ಕೋಟಗಿರಿ ಘಾಟಿಯಲ್ಲಿ ಇಳಿದು, ಮೆಟ್ಟುಪಾಳ್ಯಂನಲ್ಲಿ ಇಡ್ಲಿ ತಿಂದು, ಬಿಸಿಲು ಏರುವ ಮೊದಲೇ ಕಲ್ಲಾರು ದಾಟಬೇಕು. ಅಲ್ಲಿಂದ ಊಟಿಯವರೆಗೆ ಸುಮಾರು 1,900 ಮೀಟರ್ ಎತ್ತರ ಒಂದೇ ದಿನ. ಕೆಳಗೆ 30 ಡಿಗ್ರಿ ಇದ್ದರೆ ಮೇಲೆ 18ರ ಹತ್ತಿರ. ಎರಡೂ ಹವೆಗೆ ಬಟ್ಟೆ ಬೇಕು.

ಇಳಿಯುವುದು

ಶೇ. 9ರ ಇಳಿಜಾರಿನಲ್ಲಿ 80 ಕಿಲೊ ಭಾರ ಗಂಟೆಗೆ 20 ಕಿ.ಮೀ. ವೇಗದಲ್ಲಿ ಇಳಿಯುತ್ತಿದ್ದರೆ, ಗಾಳಿ ಮತ್ತು ಟಯರು ತಿನ್ನುವುದನ್ನು ಕಳೆದು ಬ್ರೇಕುಗಳು ಒಂದೇ ಸಮನೆ ಸುಮಾರು 340 ವಾಟ್ ಶಾಖವನ್ನು ಹೊರಹಾಕಬೇಕು. ಅದೇ ವೇಗದಲ್ಲಿ ಶೇ. 5ರ ಕೋಟಗಿರಿ ರಸ್ತೆಯಲ್ಲಿ 160 ವಾಟ್ ಸಾಕು. ಕಲ್ಲಟ್ಟಿ ಇಳಿಯಬೇಡಿ ಎನ್ನುವುದರ ಕಾರಣ ಈ ಎರಡು ಅಂಕಿಗಳಲ್ಲೇ ಇದೆ. ತಲೈಕುಂದಾದಲ್ಲಿ ಹೊರ ಊರಿನ ಗಾಡಿಗಳನ್ನು ಕಲ್ಲಟ್ಟಿ ಇಳಿಯಲು ಬಿಡದಿರುವುದೂ ಬ್ರೇಕ್ ಸೋತು ಆದ ಅಪಘಾತಗಳಿಂದಲೇ. ಉತ್ತರಕ್ಕೆ ವಾಪಸಾಗುವವರು ಪೈಕಾರ, ನಡುವಟ್ಟಂ ಮಾರ್ಗವಾಗಿ ಗೂಡಲೂರಿಗೆ ಇಳಿದು, ಅಲ್ಲಿ ಸೈಕಲ್ಲನ್ನು ಗಾಡಿಗೆ ಹಾಕಿ ಮುದುಮಲೆ ದಾಟಲಿ.

ರಿಮ್ ಬ್ರೇಕಿನಲ್ಲಿ ಆ ಶಾಖವೆಲ್ಲ ರಿಮ್‌ಗೆ ಹೋಗುತ್ತದೆ. ರಿಮ್ ಕಾದರೆ ಒಳಗಿನ ಗಾಳಿ ಹಿಗ್ಗಿ ಟ್ಯೂಬು ಒಡೆಯಬಹುದು, ಹಳೆಯ ಪ್ಯಾಚು ಅಂಟು ಬಿಡಬಹುದು. ಕಾರ್ಬನ್ ರಿಮ್‌ಗೆ ರಿಮ್ ಬ್ರೇಕ್ ಇದ್ದರೆ ಈ ಘಾಟಿಗಳಿಗೆ ತರಲೇಬೇಡಿ, ಅಂಟು ಮೆತ್ತಗಾಗಿ ರಿಮ್ ಬಾಯಿ ಬಿಡುತ್ತದೆ. ಅಲ್ಯೂಮಿನಿಯಂ ರಿಮ್ ಹಾಕಿ. ತೂಕ ಉಳಿಸುವ ಲೇಟೆಕ್ಸ್, ಟಿಪಿಯು ಟ್ಯೂಬುಗಳೂ ರಿಮ್ ಬ್ರೇಕಿನೊಂದಿಗೆ ಬೇಡ, ಸಾದಾ ಬ್ಯೂಟೈಲ್ ಟ್ಯೂಬೇ ಸರಿ. ಬ್ರೇಕ್ ರಬ್ಬರನ್ನು ಬಿಚ್ಚಿ ನೋಡಿ. ಬೂದು ಬಣ್ಣದ ಮಿನುಗುವ ಚೂರುಗಳು ಹುದುಗಿದ್ದರೆ ಪಿನ್ನಿನಿಂದ ಒಂದೊಂದನ್ನೇ ಕಿತ್ತು, ಮರಳು ಕಾಗದದಲ್ಲಿ ಉಜ್ಜಿ. ಅವು ರಿಮ್‌ನಿಂದಲೇ ಕೆತ್ತಿಬಂದ ಲೋಹ, ಬಿಟ್ಟರೆ ಇನ್ನಷ್ಟು ಕೆತ್ತುತ್ತವೆ. ರಿಮ್‌ನ ಬದಿಗೆ ಬೆರಳಾಡಿಸಿದಾಗ ಒಳಗುಳಿಯಂತೆ ಸಿಕ್ಕರೆ ಆ ಗಾಲಿಯ ಆಯಸ್ಸು ಮುಗಿದಿದೆ.

ಡಿಸ್ಕ್ ಬ್ರೇಕಿನಲ್ಲಿ ಪ್ಯಾಡಿನ ಉಜ್ಜುವ ಪದರ 0.5 ಮಿ.ಮೀ.ಗೆ ಬಂದರೆ ಬದಲಿಸಲೇಬೇಕು. ಘಾಟಿಗೆ ಬರುವಾಗ 1 ಮಿ.ಮೀ. ಇದ್ದರೂ ಹೊಸದು ಹಾಕಿ. ಮಳೆಯಲ್ಲಿ ಒಂದೇ ಇಳಿತಕ್ಕೆ ರೆಸಿನ್ ಪ್ಯಾಡು ಬಹಳಷ್ಟು ಸವೆದುಹೋಗುತ್ತದೆ, ಮಳೆಗಾಲಕ್ಕೆ ಲೋಹದ ಪ್ಯಾಡು ವಾಸಿ. ಹೊಸ ಪ್ಯಾಡು ಹಾಕಿದ ಮೇಲೆ ಸಮತಟ್ಟಿನಲ್ಲಿ ವೇಗ ಏರಿಸಿ, ಪೂರ್ತಿ ನಿಲ್ಲದಂತೆ ಗಟ್ಟಿಯಾಗಿ ಬ್ರೇಕ್ ಹಿಡಿದು ಬಿಡುವುದನ್ನು ಒಂದೊಂದು ಬ್ರೇಕಿಗೂ ಸುಮಾರು ಇಪ್ಪತ್ತು ಸಲ ಮಾಡಿ. ಹಾಗೆ ಕೂರಿಸದ ಪ್ಯಾಡು ಮೊದಲ ಘಾಟಿಯಲ್ಲೇ ಗಾಜಿನಂತೆ ನಯವಾಗಿ ಹಿಡಿತ ಬಿಡುತ್ತದೆ. ಲಿವರ್ ಮೆತ್ತಗಾಗುತ್ತಾ ಹ್ಯಾಂಡಲ್ ಕಡೆಗೆ ಬರುತ್ತಿದ್ದರೆ ಬ್ರೇಕಿನೊಳಗಿನ ಎಣ್ಣೆ ಕಾದಿದೆ ಎಂದರ್ಥ. ಕೂಡಲೆ ಅಗಲ ಜಾಗದಲ್ಲಿ ನಿಲ್ಲಿಸಿ, ಹತ್ತು ಹದಿನೈದು ನಿಮಿಷ ಆರಲಿ. ರೋಟರ್ (ಬ್ರೇಕಿನ ಲೋಹದ ತಟ್ಟೆ) ಮುಟ್ಟಬೇಡಿ, ನೀರೂ ಸುರಿಯಬೇಡಿ.

ಕೈಯ ಕೆಲಸ ಹೀಗೆ. ಹ್ಯಾಂಡಲಿನ ಕೆಳಬಾಗಿನಲ್ಲಿ ಹಿಡಿಯಿರಿ, ಎರಡು ಬೆರಳು ಲಿವರ್ ಮೇಲೆ. ಬ್ರೇಕನ್ನು ಸದಾ ಅರ್ಧ ಹಿಡಿದುಕೊಂಡೇ ಇಳಿಯಬೇಡಿ. ನೇರ ರಸ್ತೆಯಲ್ಲಿ ಸ್ವಲ್ಪ ಓಡಲು ಬಿಟ್ಟು, ತಿರುವಿಗೆ ಮೊದಲು ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಮತ್ತೆ ಬಿಡಿ. ಬಿಟ್ಟ ಹೊತ್ತಿನಲ್ಲಿ ಗಾಳಿ ಬ್ರೇಕನ್ನು ತಣಿಸುತ್ತದೆ. ವೇಗವೆಲ್ಲ ತಿರುವು ಶುರುವಾಗುವ ಮೊದಲೇ ಇಳಿದಿರಬೇಕು. ವಾಲಿದ ಮೇಲೆ ಮುಂದಿನ ಬ್ರೇಕ್ ಒತ್ತಿದರೆ ಗಾಲಿ ಜಾರುತ್ತದೆ. ಹೊರಗಿನ ಪೆಡಲ್ ಕೆಳಗೆ, ಮೈಭಾರ ಅದರ ಮೇಲೆ, ಕಣ್ಣು ತಿರುವಿನಿಂದ ಹೊರಬೀಳುವ ಜಾಗದಲ್ಲಿ. ಹಳದಿ ಗೆರೆ ದಾಟಬೇಡಿ, ಗೆರೆ ಇಲ್ಲದಿದ್ದರೆ ಇದೆಯೆಂದೇ ತಿಳಿಯಿರಿ. ಘಾಟಿಯಲ್ಲಿ ಹತ್ತುವ ಗಾಡಿಗೆ ಮೊದಲ ಹಕ್ಕು. ನೀಲಗಿರಿ ಮರದ ಒಣಗಿದ ಎಲೆ, ತಿರುವಿನಲ್ಲಿ ಲಾರಿಯಿಂದ ಚೆಲ್ಲಿದ ಡೀಸೆಲ್ಲಿನ ಕಪ್ಪು ಗುರುತು, ಮೋರಿ ಸೇತುವೆಯ ಪಾಚಿ ಇವು ಮೂರೂ ಮಂಜಿನಲ್ಲಿ ಸೋಪಿನಷ್ಟೇ ಜಾರುತ್ತವೆ.

ಟಯರು 28 ಮಿ.ಮೀ. ಇರಲಿ. ಒಟ್ಟು 80 ಕಿಲೊ ಭಾರಕ್ಕೆ 70–75 ಪಿಎಸ್‌ಐ, ಒದ್ದೆಯಿದ್ದರೆ 5 ಕಡಿಮೆ. ಕೆಳಗಿನ ಬಿಸಿಲಿನಲ್ಲಿ ತುಂಬಿಸಿದ ಗಾಳಿ ಊಟಿಯ ಚಳಿ ಬೆಳಗಿನಲ್ಲಿ ಎರಡು ಮೂರು ಪಿಎಸ್‌ಐ ಇಳಿದಿರುತ್ತದೆ, ಹೊರಡುವ ಮುನ್ನ ಅಳೆದು ನೋಡಿ.

ಕಾಲ, ಮಳೆ, ಪ್ರಾಣಿಗಳು

ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಡಿಸೆಂಬರ್, ಜನವರಿಯಲ್ಲಿ ಊಟಿ, ತಲೈಕುಂದಾ ಸುತ್ತ ಹುಲ್ಲಿನ ಮೇಲೆ ಹಿಮ ಕೂರುತ್ತದೆ, ಬಿಸಿಲು ಬೀಳುವ ಮೊದಲು ಇಳಿಜಾರಿಗೆ ಹೊರಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಳೆ ಪಶ್ಚಿಮದ ಗೂಡಲೂರು, ನಡುವಟ್ಟಂ, ಅವಲಾಂಚಿ ಕಡೆ ಹೊಡೆಯುತ್ತದೆ. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂ.ಮೀ.ಗೂ ಹೆಚ್ಚು ಮಳೆ ಬಿದ್ದಿತ್ತು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಳೆ ಪೂರ್ವದ ಕೂನೂರು, ಕೋಟಗಿರಿ ಘಾಟಿಗಳ ಸರದಿ, ಮಣ್ಣು ಕುಸಿದು ಕೂನೂರು ರಸ್ತೆ ಮುಚ್ಚುವುದು ಆಗಲೇ. ಹಾಗಾಗಿ ಆಗಸ್ಟ್‌ನಲ್ಲಿ ಬರಲೇಬೇಕಾದರೆ ಕೋಟಗಿರಿ ಕಡೆ, ನವೆಂಬರ್‌ನಲ್ಲಿ ಬರಬೇಕಾದರೆ ಗೂಡಲೂರು ಕಡೆ ಆರಿಸಿಕೊಳ್ಳಿ. ಮೇ ತಿಂಗಳ ಸೀಸನ್ನಿನಲ್ಲಿ ಮೆಟ್ಟುಪಾಳ್ಯಂ ಕಡೆಯ ಗಾಡಿಗಳನ್ನು ಕೂನೂರು ರಸ್ತೆಯಲ್ಲಿ ಹತ್ತಿಸಿ ಕೋಟಗಿರಿ ರಸ್ತೆಯಲ್ಲಿ ಇಳಿಸುವ ಒನ್‌ವೇ ಮಾಡುತ್ತಾರೆ. ಆ ತಿಂಗಳು ಸೈಕಲ್ಲಿಗೆ ಒಳ್ಳೆಯದಲ್ಲ.

ಚಹಾತೋಟಗಳಲ್ಲಿ ಕಾಟಿಗಳು ಹಗಲಲ್ಲೇ ರಸ್ತೆ ದಾಟುತ್ತವೆ, ಕೂನೂರು–ಕೋಟಗಿರಿ ನಡುವೆ ವಿಶೇಷವಾಗಿ. ಒಂದು ದಾಟಿದರೆ ಹಿಂದೆ ಇನ್ನೂ ಇವೆ ಎಂದೇ ತಿಳಿದು 50 ಮೀಟರ್ ದೂರದಲ್ಲಿ ನಿಂತು ಕಾಯಿರಿ, ಬೆಲ್ ಬಾರಿಸಬೇಡಿ. ಹಲಸು ಹಣ್ಣಾಗುವ ಕಾಲದಲ್ಲಿ ಕೋಟಗಿರಿ ಘಾಟಿಯ ಕುಂಜಪ್ಪನೈ ಮತ್ತು ಬರ್ಲಿಯಾರ್ ಸುತ್ತ ಆನೆಗಳು ರಸ್ತೆಗೇ ಬರುತ್ತವೆ. ಮುಂದೆ ಗಾಡಿಗಳು ಸಾಲಾಗಿ ನಿಂತಿದ್ದರೆ ಸಂದಿಯಲ್ಲಿ ನುಗ್ಗಿ ಮುಂದೆ ಹೋಗಬೇಡಿ, ಯಾವುದಾದರೂ ದೊಡ್ಡ ಗಾಡಿಯ ಪಕ್ಕದಲ್ಲಿ ನಿಲ್ಲಿ. ಕಲ್ಲಾರಿನ ಕೋತಿಗಳ ಎದುರು ತಿಂಡಿ ಪೊಟ್ಟಣ ತೆಗೆಯಬೇಡಿ.

ಚೀಲದಲ್ಲಿ ಇರಬೇಕಾದದ್ದು: ಎರಡು ಟ್ಯೂಬು, ಟಯರ್ ಲಿವರ್, ಪ್ಯಾಚು, ಕೈಪಂಪು, ಚೈನ್ ಕತ್ತರಿಸುವ ಮಲ್ಟಿಟೂಲ್, ನಿಮ್ಮ ಚೈನಿನ ಅಳತೆಯ ಕ್ವಿಕ್‌ಲಿಂಕ್ ಎರಡು, ಹ್ಯಾಂಗರ್, ಒಂದು ಜೊತೆ ಬ್ರೇಕ್ ಪ್ಯಾಡು, ಹಗಲಲ್ಲೂ ಉರಿಸಲು ಹಿಂದಿನ ಕೆಂಪು ದೀಪ. ಬೆಟ್ಟದ ಮೇಲಿನ ಸಾದಾ ಸೈಕಲ್ ಅಂಗಡಿಗಳಲ್ಲಿ ಪ್ರೆಸ್ಟಾ ವಾಲ್ವಿನ 700×28 ಟ್ಯೂಬು, 11 ಸ್ಪೀಡಿನ ಚೈನು ಸಿಗುತ್ತದೆಂದು ನಂಬಿ ಬರಬೇಡಿ. ಅವುಗಳಿಗೆ ಕೊಯಮತ್ತೂರು ಅಥವಾ ಮೈಸೂರೇ ಗತಿ.

ಸೈಕಲ್ ಹೊತ್ತು ತರುವ ಕಾರಿಗೆ ಇ-ಪಾಸ್ ಬೇಕು. 2024ರ ಮೇ 7ರಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ಇದು ಜಾರಿಯಲ್ಲಿದೆ, ಮನೆ ಬಿಡುವ ಮೊದಲೇ ಆನ್‌ಲೈನಿನಲ್ಲಿ ಮಾಡಿಸಿಕೊಳ್ಳಿ. ಅಂಗಡಿಯಲ್ಲಿ ಕೊಂಡ ಪ್ಲಾಸ್ಟಿಕ್ ನೀರಿನ ಬಾಟಲಿಗಳನ್ನು ಜಿಲ್ಲೆಯ ಗಡಿ ಚೆಕ್‌ಪೋಸ್ಟ್‌ಗಳಲ್ಲಿ ಕಿತ್ತುಕೊಳ್ಳುತ್ತಾರೆ, ದಂಡವೂ ಬೀಳುತ್ತದೆ. ಸೈಕಲ್ಲಿನ ಎರಡು ಬಾಟಲಿ ತುಂಬಿಸಿಕೊಂಡು ಬಂದು, ಮುಂದೆ ರಸ್ತೆ ಬದಿಯ ನೀರಿನ ಎಟಿಎಂಗಳಲ್ಲಿ ತುಂಬಿಸಿಕೊಳ್ಳಿ. ಅವುಗಳಿಗೆ ಹಾಕಲು ಐದು ಹತ್ತು ರೂಪಾಯಿ ನಾಣ್ಯಗಳು ಜೇಬಿನಲ್ಲಿರಲಿ.